ಸೈಟು ಕೊಳ್ಳುವ ಮುನ್ನ ಒಮ್ಮೆ ಚಳ್ಳಕೆರೆಗೆ ಬನ್ನಿ

“ಭಾಭಿ, ನಿಮ್ಮ ತವರು ಚಳ್ಳಕೆರೆ ಅಲ್ವಾ? ಅಲ್ಲಿ ಒಂದು ಸೈಟು ತಗೊಂಡಿಟ್ಟರೆ ಹೇಗೆ?”

ಪಕ್ಕದ ಮನೆಯಾಕೆ ಮೊಬೈಲನ್ನು ನನ್ನ ಮುಂದೆ ಹಿಡಿದು ಕೇಳಿದಳು. ಅದರಲ್ಲೊಂದು ವಿಡಿಯೊ ಓಡುತ್ತಿತ್ತು. ಕೆಂಪು ಮಣ್ಣಿನ ಬಯಲು, ಸಾಲಾಗಿ ನೆಟ್ಟ ಬಿಳಿ ಕಲ್ಲುಗಳು, ಹಿನ್ನೆಲೆಯಲ್ಲಿ ಸಂಗೀತ. “ವಿಜ್ಞಾನ ನಗರಿಯ ಪಕ್ಕದಲ್ಲೇ ನಿಮ್ಮ ಕನಸಿನ ನಿವೇಶನ” ಎನ್ನುತ್ತಿತ್ತು ಒಂದು ಗಂಡಿನ ದನಿ. ಆಕೆಯ ಪತಿ ಕೊಲ್ಲಿಯಲ್ಲಿದ್ದಾರೆ. ಕೈಯಲ್ಲಿ ಸ್ವಲ್ಪ ಉಳಿತಾಯವಿದೆ, ಸಾಲದಿದ್ದರೆ ಬಳೆಗಳಿವೆ. ಕರಾವಳಿಯಲ್ಲಿ ಐದು ಸೆಂಟ್ಸ್ ಜಾಗಕ್ಕೂ ಸಾಲದ ಹಣಕ್ಕೆ ಅಲ್ಲಿ ಎರಡು ಸೈಟು ಬರುತ್ತದಂತೆ.

ನಾನು ಕೂಡಲೇ ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. “ಚಹಾ ಕುಡಿ, ಹೇಳುತ್ತೇನೆ” ಎಂದೆ. ಆ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ ಅದು. ಓದುಗ ಸಹೋದರಿಯರೇ, ನಿಮ್ಮಲ್ಲಿ ಕೆಲವರಿಗಾದರೂ ಇಂತಹ ವಿಡಿಯೊ ಬಂದಿರಬಹುದು. ಆದ್ದರಿಂದ ಆಕೆಗೆ ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರನ್ನು ನೋಡೋಣ. ಕರಾವಳಿಯಿಂದ ಘಟ್ಟ ಹತ್ತಿ ಮಲೆನಾಡು ದಾಟುವವರೆಗೆ ಕಿಟಕಿಯ ಹೊರಗೆಲ್ಲಾ ಹಸಿರೇ ಹಸಿರು. ಚಿತ್ರದುರ್ಗದ ಕೋಟೆ ಬೆಟ್ಟ ಹಿಂದಾದ ಮೇಲೆ ನೆಲದ ಬಣ್ಣವೇ ಬೇರೆ. ಕೆಂಪು ಮಣ್ಣು, ಬಂಡೆಗಲ್ಲಿನ ಗುಡ್ಡ, ಜಾಲಿ, ಅಲ್ಲೊಂದು ಇಲ್ಲೊಂದು ಹುಣಸೆ ಮರ. ಮುಕ್ಕಾಲು ಗಂಟೆಯೊಳಗೆ ಚಳ್ಳಕೆರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಮಂಗಳೂರಿನಲ್ಲಿ ಬೀಳುವ ಮಳೆಯ ಏಳೆಂಟನೆಯ ಒಂದು ಪಾಲು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಅಳುತ್ತಿದ್ದ ಅತ್ತಿಗೆಯನ್ನು ಕಂಡು ನನಗೆ ಆಶ್ಚರ್ಯವಾಗಿತ್ತು. ನಮ್ಮ ಕಡೆ ಮಳೆ ಬರಲಿಲ್ಲವೆಂದು ಅಳುವವರನ್ನಷ್ಟೇ ನೋಡಿದ್ದೆ.

ಚಳ್ಳಕೆರೆಗೆ ಎಣ್ಣೆ ನಗರಿ ಎಂದೇ ಹೆಸರು. ಮುಂಬೈ ಬಿಟ್ಟರೆ ಚಳ್ಳಕೆರೆ ಎಂದು ನಮ್ಮ ಹಿರಿಯರು ಎದೆ ತಟ್ಟಿ ಹೇಳುತ್ತಿದ್ದರು. ನಾನು ಚಿಕ್ಕವಳಿದ್ದಾಗ ಬಸ್ಸಿನಿಂದ ಇಳಿಯುತ್ತಲೇ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮ ಬೀದಿಯ ಎಷ್ಟೋ ಹೆಂಗಸರ ದಿನಗೂಲಿ ಆ ಮಿಲ್ಲುಗಳಲ್ಲೇ ಹುಟ್ಟುತ್ತಿತ್ತು. ಕಾಯಿ ಆರಿಸುವುದು, ಚೀಲ ಹೊಲಿಯುವುದು, ಹೊಟ್ಟು ಗುಡಿಸುವುದು. ಮಿಲ್ಲುಗಳು ಈಗಲೂ ಇವೆ, ಆದರೆ ಹಿಂದಿನ ಸದ್ದಿಲ್ಲ. ಪದೇ ಪದೇ ಬಂದ ಬರ ಒಂದು ಕಾರಣ. ಇನ್ನೊಂದು ಕಾರಣ ಬಹಳ ದೂರದ್ದು. 1994ರಲ್ಲಿ ನಮ್ಮ ದೇಶ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬಂದ ಅಗ್ಗದ ಎಣ್ಣೆಯ ಮುಂದೆ ನಮ್ಮ ಶೇಂಗಾ ಎಣ್ಣೆ ದುಬಾರಿಯಾಯಿತು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಮೂರು ವಾರಗಳ ಕಾಲ ರಫ್ತು ನಿಲ್ಲಿಸಿದಾಗ ನಿಮ್ಮ ಅಡುಗೆ ಮನೆಯಲ್ಲೂ ಎಣ್ಣೆಯ ಬೆಲೆ ಗೊತ್ತಾಗಿರಬೇಕು. ಎಲ್ಲಿಯದೋ ಸಮುದ್ರ ತೀರದ ತೋಟ, ಎಲ್ಲಿಯದೋ ನಮ್ಮ ಕೆಂಪು ಹೊಲ! ಒಂದರ ಬೆಲೆಯನ್ನು ಇನ್ನೊಂದು ನಿರ್ಧರಿಸುತ್ತದೆ.

ಪೇಟೆಯಿಂದ ನಮ್ಮ ಹಳ್ಳಿಗೆ ಬಸ್ಸು ಈಗಲೂ ದಿನಕ್ಕೆ ಕೆಲವೇ ಬಾರಿ. ಕಲ್ಲಿನ ಗೋಡೆ, ಮುಂದೆ ಜಗಲಿ, ಹಿತ್ತಿಲಲ್ಲಿ ಎರಡು ಕುರಿ, ನಾಲ್ಕು ಕೋಳಿ. ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಅರ್ಧ ತೆಲುಗು. ಆಂಧ್ರದ ಗಡಿ ಅಷ್ಟು ಹತ್ತಿರ. ಮಳೆ ಬಿದ್ದರೆ ಆಷಾಢದಲ್ಲಿ ಶೇಂಗಾ ಬಿತ್ತನೆ. ಬೇಸಿಗೆಯಲ್ಲಿ ಹೆಂಗಸರೆಲ್ಲಾ ಜಗಲಿಯಲ್ಲಿ ಕುಳಿತು ಹುಣಸೆ ಹಣ್ಣಿನ ಬೀಜ ಬಿಡಿಸುತ್ತಾರೆ, ಕೈ ಬೆರಳೆಲ್ಲಾ ಕಪ್ಪಾಗುತ್ತದೆ. ಕಾಯಿಲೆ ಸಣ್ಣದಾದರೆ ತಾಲೂಕು ಆಸ್ಪತ್ರೆ, ದೊಡ್ಡದಾದರೆ ಚಿತ್ರದುರ್ಗ, ದಾವಣಗೆರೆ ಅಥವಾ ಬಳ್ಳಾರಿ. ಬದುಕು ಅಗ್ಗ, ನಿಜ. ಬಾಡಿಗೆ ಕಡಿಮೆ, ಗಾಳಿ ಒಳ್ಳೆಯದು, ನೆರೆಹೊರೆ ಇನ್ನೂ ಬಾಗಿಲು ತಟ್ಟದೆ ಒಳಗೆ ಬರುತ್ತದೆ. ಆದರೆ ಆ ಅಗ್ಗದ ಬದುಕು ಯಾವುದರ ಮೇಲೆ ನಿಂತಿತ್ತು ಎಂಬುದು ವಿಡಿಯೊದಲ್ಲಿ ಬರುವುದಿಲ್ಲ.

ಅದು ನಿಂತದ್ದು ಕಾವಲಿನ ಮೇಲೆ. ಕಾವಲು ಎಂದರೆ ಹುಲ್ಲುಗಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳಿಗಾಗಿ ಮೀಸಲಿಟ್ಟ ಭೂಮಿ. ಟಿಪ್ಪು ಸುಲ್ತಾನರು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟರು. ಫಿರಂಗಿ ಎಳೆದ ಆ ಎತ್ತುಗಳ ತಳಿಗೂ ಅದೇ ಹೆಸರು ನಿಂತಿತು. ರಾಜರು ಹೋದರೂ ಕಾವಲು ಉಳಿಯಿತು. ಕಾಗದದಲ್ಲಿ ಸರ್ಕಾರದ್ದು, ಬಳಕೆಯಲ್ಲಿ ಸುತ್ತಲಿನ ಹಳ್ಳಿಗಳದ್ದು. ಒಂದೆಕರೆಯೂ ಸ್ವಂತ ಇಲ್ಲದ ವಿಧವೆ ಸಹ ಹತ್ತು ಕುರಿ ಸಾಕಿ ಮಗಳ ಮದುವೆ ಮಾಡುತ್ತಿದ್ದಳು. ಕುರಿಯ ಉಣ್ಣೆ ಕಂಬಳಿಯಾಗುತ್ತಿತ್ತು. ಚಳ್ಳಕೆರೆಯ ಕಂಬಳಿ ಎಂದರೆ ಆಗ ದೂರದವರೂ ಹುಡುಕಿಕೊಂಡು ಬರುತ್ತಿದ್ದರು. ಮ್ಯಾಸನಾಯಕರ ದೇವರ ಎತ್ತುಗಳು ಮೇಯುತ್ತಿದ್ದದ್ದೂ ಇಂತಹ ಬಯಲುಗಳಲ್ಲೇ.

2007ರ ನಂತರದ ನಾಲ್ಕೈದು ವರ್ಷಗಳಲ್ಲಿ ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಖುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನಾ ಸಂಸ್ಥೆಗೆ (ಡಿಆರ್‌ಡಿಒ) ಅದಕ್ಕಿಂತ ಬಹಳ ಹೆಚ್ಚು, ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಜೊತೆಗೆ ಇಸ್ರೋಗೆ. ಬೇಲಿ, ಗೋಡೆ ಎದ್ದ ಮೇಲೆಯೇ ಎಷ್ಟೋ ಜನರಿಗೆ ವಿಷಯ ತಿಳಿದದ್ದು. ಕುರಿ ಹೊಡೆದುಕೊಂಡು ಹೋದವರು ಗೋಡೆ ನೋಡಿ ವಾಪಸು ಬಂದರು. ಪ್ರತಿಭಟನೆ ನಡೆಯಿತು, ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಯೋಜನೆಗಳು ಮುಂದುವರಿದವು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನೇ ಬಂದು ಇಳಿದದ್ದು ಇಲ್ಲಿನ ರನ್‌ವೇ ಮೇಲೆಯೇ. 2024ರಲ್ಲಿ ‘ಪುಷ್ಪಕ್’ ಎಂಬ ಹೆಸರಿನಲ್ಲಿ ಮತ್ತೆ ಎರಡು ಬಾರಿ ಇಳಿಯಿತು. ಟಿವಿಯಲ್ಲಿ ಚಳ್ಳಕೆರೆಯ ಹೆಸರು ಕೇಳಿದಾಗ ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ. ವಿಜ್ಞಾನ ಸಂಸ್ಥೆಯ ಚಳ್ಳಕೆರೆ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನನ್ನ ಗೆಳತಿಯೊಬ್ಬಳು ಅಲ್ಲಿಗೆ ಹೋಗಿ ಬಂದು ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸಲಾರಂಭಿಸಿದ್ದಾಳೆ. ಇದೂ ನಿಜವೇ.

ಆದರೆ ನಿಮ್ಮ ಪ್ರಶ್ನೆ ಸೈಟಿನದ್ದು. ಗೋಡೆ ಎದ್ದ ವರ್ಷಗಳಲ್ಲಿ ಸುತ್ತಲಿನ ಹೊಲಗಳ ಬೆಲೆ ನೋಡನೋಡುತ್ತಲೇ ಏರಿತು. ಬೆಂಗಳೂರಿನ ಕಾರುಗಳು ಬಂದವು. ಬೆಲೆ ಏರಿದ್ದು ನೆಲದಲ್ಲಿ ಬೆಳೆ ಹೆಚ್ಚಾದುದರಿಂದಲ್ಲ, ನೀರು ಬಂದುದರಿಂದಲೂ ಅಲ್ಲ, ನಾಳೆ ಏನೋ ಆಗುತ್ತದೆ ಎಂಬ ಮಾತಿನಿಂದ. ದೊಡ್ಡ ಸಂಶೋಧನಾ ಕೇಂದ್ರಗಳ ಸ್ವಭಾವವೇ ಬೇರೆ. ಗೋಡೆ ದೊಡ್ಡದು, ಒಳಗೆ ಜನ ಕಡಿಮೆ. ಒಳಗಿನವರಿಗೆ ವಸತಿಯೂ ಒಳಗೇ. ಬಟ್ಟೆ ಗಿರಣಿ ಬಂದಂತೆ ಸಾವಿರಾರು ಕೂಲಿಯವರು ಬಂದು ಹೊರಗೆ ಬಾಡಿಗೆ ಮನೆ ಹುಡುಕುವುದಿಲ್ಲ. ಹಾರಾಟದ ಪರೀಕ್ಷೆಗೆ ಖಾಲಿ ಬಯಲೇ ಬೇಕು. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಜೋಡಿಚಿಕ್ಕೇನಹಳ್ಳಿಯ ಜಮೀನಿನಲ್ಲಿ ಬಂದು ಬಿತ್ತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ನನ್ನ ಖಾಲಾ ಆ ಏರಿಕೆಯ ಕಾಲದಲ್ಲಿ ಸೈಟು ಕೊಂಡವರು. ನಾಲ್ಕು ಬಳೆ ಮಾರಿದರು. ಮೆಹರ್‌ನಲ್ಲಿ ಬಂದ ಬಳೆಗಳವು, ಬೇರೆ ಯಾರದ್ದೂ ಅಲ್ಲ. ಮಾರಿದವರು ಬಣ್ಣದ ನಕ್ಷೆ ತೋರಿಸಿದರು, ಪಾರ್ಕು, ಮಸೀದಿ, ಶಾಲೆ ಎಲ್ಲಾ ಅದರಲ್ಲಿತ್ತು. ಹೋದ ವರ್ಷ ನಾನೂ ಅವರೊಂದಿಗೆ ಆ ಜಾಗಕ್ಕೆ ಹೋಗಿದ್ದೆ. ಬಿಳಿ ಕಲ್ಲುಗಳು ಜಾಲಿಯ ಮುಳ್ಳಿನೊಳಗೆ ಮುಳುಗಿವೆ. ಖಾಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೋಲಿನಿಂದ ಮುಳ್ಳು ಸರಿಸಿ ತಮ್ಮ ನಂಬರಿನ ಕಲ್ಲು ಹುಡುಕಿದರು. ಸಿಗಲಿಲ್ಲ. ಅದು ಇನ್ನೂ ಕೃಷಿ ಭೂಮಿಯೇ ಎಂದು ಆಮೇಲೆ ತಿಳಿಯಿತು. ಮನೆ ಕಟ್ಟಲು ಪರಿವರ್ತನೆಯ ಆದೇಶವೇ ಆಗಿರಲಿಲ್ಲ. ಖಾಲಾ ಕೈಯಲ್ಲಿದ್ದದ್ದು ಒಂದು ಎಕರೆಯೊಳಗಿನ ಗೆರೆ ಇಲ್ಲದ ಒಂದು ಪಾಲು.

ಈಗ ವಿಷಯ ಸ್ವಲ್ಪ ಒಣಗಿದ್ದು, ಆದರೂ ಬಿಡದೆ ಓದಿ. 2020ರವರೆಗೆ ನಮ್ಮ ರಾಜ್ಯದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಆ ವರ್ಷದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಆ ತಡೆಯನ್ನು ತೆಗೆದುಹಾಕಿತು. ಕೊಳ್ಳುವುದು ಸುಲಭವಾಯಿತು, ಮನೆ ಕಟ್ಟುವುದು ಸುಲಭವಾಗಲಿಲ್ಲ. ಅದಕ್ಕೆ ಪರಿವರ್ತನೆ ಆಗಿರಬೇಕು, ಬಡಾವಣೆಯ ನಕ್ಷೆಗೆ ಮಂಜೂರಾತಿ ಇರಬೇಕು, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ನಿಮ್ಮ ಸೈಟಿನ ನಂಬರಿಗೇ ಇರಬೇಕು. ಋಣಭಾರ ಪತ್ರವನ್ನು ಮಾರುವವರು ಕೊಟ್ಟರೆಂದು ನಂಬದೆ ಉಪನೋಂದಣಿ ಕಚೇರಿಯಿಂದ ನೀವೇ ತೆಗೆಸಿ.

ಇಲ್ಲಿಗೇ ವಿಶೇಷವಾದದ್ದು ಇನ್ನೊಂದಿದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡರಲ್ಲೂ ನಾಯಕರು ಮತ್ತು ಪರಿಶಿಷ್ಟ ಜಾತಿಯ ಕುಟುಂಬಗಳು ಬಹಳ. ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಸರ್ಕಾರ ಅವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಎಷ್ಟು ಕೈ ದಾಟಿದ್ದರೂ ಮೂಲ ಮಾಲೀಕರಿಗೆ ಅದು ಮರಳಬಹುದು. 2023ರ ತಿದ್ದುಪಡಿಯ ನಂತರ ಅವರು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಇದು ಬಡವರ ರಕ್ಷಣೆಗಾಗಿ ಬಂದ ಕಾನೂನು, ನ್ಯಾಯವಾದದ್ದೇ. ಆದರೆ ತಿಳಿಯದೆ ಕೊಂಡ ಹೆಣ್ಣುಮಗಳು ಹಣವನ್ನೂ ಕಳೆದುಕೊಳ್ಳುತ್ತಾಳೆ, ಗೊತ್ತಿಲ್ಲದೆ ಇನ್ನೊಬ್ಬ ಬಡವಳ ಹಕ್ಕಿನ ಮೇಲೆಯೂ ಕುಳಿತಿರುತ್ತಾಳೆ. ಹಳೆಯ ಪಹಣಿ, ಮಂಜೂರಾತಿಯ ಮೂಲ ಕಡತ ನೋಡದೆ ಈ ಭಾಗದಲ್ಲಿ ಒಂದು ಪೈಸೆ ಮುಂಗಡ ಕೊಡಬೇಡಿ.

ಕಾಗದವೆಲ್ಲಾ ಸರಿಯಿದ್ದರೂ ಉಳಿಯುವ ಪ್ರಶ್ನೆ ನೀರು. ನಮ್ಮಮ್ಮಿಯ ಅರ್ಧ ಆಯುಷ್ಯ ಬಿಂದಿಗೆ ಹೊರುವುದರಲ್ಲಿ ಕಳೆಯಿತು. ಕೊಳವೆಬಾವಿ ಕೊರೆದರೆ ನೂರಾರು ಅಡಿ. ಸಿಕ್ಕಿದ ನೀರಿನಲ್ಲಿ ಕೆಲವು ಕಡೆ ಫ್ಲೋರೈಡು. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು, ಮಂಡಿ ಹಿಡಿದ ಹಿರಿಯರನ್ನು ಈ ಸೀಮೆಯಲ್ಲಿ ನೋಡಬಹುದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಅವರು ಕೆರೆಗಳನ್ನು ಕಟ್ಟಿಸಿದರೆಂದು. ಈ ನಾಡಿನಲ್ಲಿ ಕೆರೆ ಕಟ್ಟಿದವರನ್ನು ಮರೆಯುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಹಿರಿಯೂರಿನ ವಾಣಿ ವಿಲಾಸ ಸಾಗರ 1933ರ ಬಳಿಕ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತು. ವೇದಾವತಿ ನಮ್ಮ ತಾಲೂಕಿನಲ್ಲಿ ಮೈದುಂಬಿ ಹರಿಯಿತು. ಹೊಳೆಯೆಂದರೆ ಮರಳು ಎಂದೇ ತಿಳಿದಿದ್ದ ಮಕ್ಕಳು ಮೊದಲ ಬಾರಿಗೆ ಹೊಳೆ ನೋಡಿದರು. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಘೋಷಣೆಗೂ ನಲ್ಲಿಗೂ ನಡುವೆ ಎಷ್ಟು ದೂರ ಎಂಬುದು ನಿಮ್ಮೂರಿನವರಿಗೂ ಗೊತ್ತಿರುತ್ತದೆ. ನೀರು ಬಂದರೆ ಸೈಟಿಗಿಂತ ಹೊಲಕ್ಕೇ ಬೆಲೆ ಬರುತ್ತದೆ ಎಂಬುದು ನನ್ನ ಅನಿಸಿಕೆ.

ಮಾರದೆಯೂ ಭೂಮಿಯಿಂದ ಹಣ ಬರುವ ದಾರಿಯೊಂದನ್ನು ಪಕ್ಕದ ಪಾವಗಡ ತೋರಿಸಿದೆ. ಅಲ್ಲಿನ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಹೆಸರಿನಲ್ಲಿ ಜಮೀನು ಇದ್ದವರಿಗೆ ಬರದ ವರ್ಷದಲ್ಲೂ ಹಣ ಬಂತು. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಸ್ವಂತ ಜಮೀನಿಲ್ಲದ ಹೆಂಗಸರಿಗೆ ಮಾತ್ರ ಕೂಲಿ ಹೋಯಿತು. ಪಹಣಿಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಅಷ್ಟು.

ಮೊಳಕಾಲ್ಮೂರಿನ ಬಗ್ಗೆ ಹೇಳದೆ ಹೋದರೆ ಅಲ್ಲಿಗೆ ಮದುವೆ ಮಾಡಿಕೊಟ್ಟ ನನ್ನ ಅಕ್ಕ ಸಿಟ್ಟಾದಾಳು. ಚಳ್ಳಕೆರೆಯಿಂದ ಬಳ್ಳಾರಿ ರಸ್ತೆಯಲ್ಲಿ ತಳಕು, ಬಿ.ಜಿ. ಕೆರೆ ದಾಟಿ, ಹಾನಗಲ್ ಬಳಿ ಬಲಕ್ಕೆ ತಿರುಗಬೇಕು. ಬಂಡೆ ಮೇಲೆ ಬಂಡೆ ಇಟ್ಟಂತಹ ಗುಡ್ಡಗಳ ನಡುವೆ ಊರು. ಮೊಳಕಾಲ್ಮೂರು ಎಂದೊಡನೆ ನಿಮ್ಮ ಕಣ್ಣ ಮುಂದೆ ರೇಷ್ಮೆ ಸೀರೆ ಬಂದಿರುತ್ತದೆ. ಅಂಚು ಬೇರೆ ಬಣ್ಣ, ಒಡಲು ಬೇರೆ ಬಣ್ಣ, ಮೂರು ಲಾಳಿ ಹಾಕಿ ಕೈಯಲ್ಲೇ ಕೂಡಿಸುವ ನೇಯ್ಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಲ್ಲಿ ಮನೆ ಎಂದರೆ ಮಲಗುವ ಜಾಗ ಮಾತ್ರವಲ್ಲ. ನಡುಮನೆಯಲ್ಲೇ ಗುಂಡಿ, ಗುಂಡಿಯಲ್ಲಿ ಮಗ್ಗ. ಗಂಡ ನೇಯ್ದರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಮಗಳು ಎಳೆ ಕೂಡಿಸುತ್ತಾಳೆ. ಸೀರೆಯ ಬೆಲೆಯಲ್ಲಿ ಆ ಇಬ್ಬರ ಕೂಲಿ ಎಷ್ಟೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಬಾಡಿಗೆ ಮನೆ ಬದಲಿಸಿದರೆ ಮಗ್ಗವನ್ನೂ ಕಿತ್ತು ಸಾಗಿಸಬೇಕು, ಹೊಸ ಮಾಲೀಕರು ನೆಲ ಅಗೆಯಲು ಒಪ್ಪಬೇಕು. ನೇಕಾರ ಕುಟುಂಬಕ್ಕೆ ಒಂದು ಸ್ವಂತ ಸೂರು ಎಂದರೆ ಉದ್ಯೋಗವೇ ಸ್ವಂತದ್ದಾದಂತೆ. ಗಡಿಯಾಚೆ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸ ಬೆಳೆದ ಮೇಲೆ ಹೊಸ ಹುಡುಗರು ಮಗ್ಗದ ಗುಂಡಿಗೆ ಇಳಿಯಲು ಮನಸ್ಸು ಮಾಡುವುದಿಲ್ಲ ಎನ್ನುತ್ತಾಳೆ ಅಕ್ಕ.

ಅದೇ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಹಚ್ಚಿದರು. ಕೆತ್ತಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿ, ಒಂದು ಪದವನ್ನು ವಾಯುವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದಿಂದ ಈ ಬಿಸಿಲಿಗೆ ಬಂದ ಆ ಮನುಷ್ಯನಿಗೂ ನೀರಿನದ್ದೇ ಚಿಂತೆ ಆಗಿತ್ತೇನೋ ಎಂದು ನಾನು ಅಕ್ಕನನ್ನು ನಗಿಸಿದ್ದುಂಟು.

ಇನ್ನು ನನ್ನದೇ ವಿಷಯ. ಅಬ್ಬಾ ತೀರಿಕೊಂಡಾಗ ಎಂಟು ಎಕರೆ ಖುಷ್ಕಿ ಇತ್ತು, ಅಮ್ಮಿ ಮೊದಲೇ ಹೋಗಿದ್ದರು. ಒಬ್ಬ ತಮ್ಮ, ನಾವಿಬ್ಬರು ಹೆಣ್ಣುಮಕ್ಕಳು. ಸೂರಃ ಅನ್ನಿಸಾದ ಲೆಕ್ಕದಂತೆ ಅವನಿಗೆ ನಾಲ್ಕು, ನಮಗೆ ಎರಡೆರಡು. ಆದರೆ ವರ್ಷಗಟ್ಟಲೆ ಪಹಣಿ ಅಬ್ಬಾ ಹೆಸರಿನಲ್ಲೇ ಉಳಿಯಿತು. ಬೆಂಗಳೂರಿನ ಕಾರು ನಮ್ಮ ಹೊಲದ ಬದುವಿಗೂ ಬಂದಾಗ ತಮ್ಮ ಒಂದು ಕಾಗದ ತಂದ. ಹಕ್ಕು ಬಿಡುಗಡೆ ಪತ್ರ. “ಸಹಿ ಹಾಕಿ ಆಪಾ, ಮಾರಿ ನಿಮಗೂ ಏನಾದರೂ ಕೊಡುತ್ತೇನೆ” ಎಂದ. ಅವನು ಕೆಟ್ಟವನಲ್ಲ, ಸಾಲದಲ್ಲಿದ್ದ. ಊರಿನಲ್ಲಿ ಎಲ್ಲಾ ಅಕ್ಕಂದಿರೂ ಸಹಿ ಹಾಕುತ್ತಾರೆ, ತವರಿನ ಬಾಗಿಲು ತೆರೆದಿರಲೆಂದು. ನಾನೂ ಪೆನ್ನು ಹಿಡಿದಿದ್ದೆ. ಅಕ್ಕ ಫೋನಿನಲ್ಲಿ ಕೇಳಿದಳು, “ಏನಾದರೂ ಅಂದರೆ ಎಷ್ಟು?” ತಮ್ಮನ ಬಳಿ ಉತ್ತರವಿರಲಿಲ್ಲ. ಮೂರು ತಿಂಗಳು ಮಾತು ಬಿಟ್ಟ. ಈದ್‌ಗೆ ನಾನೇ ಹೋದೆ. ಕೊನೆಗೆ ಪೌತಿ ಖಾತೆ ಮಾಡಿಸಿದೆವು, ಮೂವರ ಹೆಸರೂ ಬಂತು. ಅವನು ತನ್ನ ಪಾಲಿನಲ್ಲಿ ಒಂದೂವರೆ ಎಕರೆ ಮಾರಿ ಸಾಲ ತೀರಿಸಿದ. ನಮ್ಮ ನಾಲ್ಕು ಎಕರೆಯನ್ನೂ ಅವನೇ ಉಳುತ್ತಾನೆ, ಮಳೆಯಾದ ವರ್ಷ ಎರಡು ಚೀಲ ಶೇಂಗಾ ಕಳಿಸುತ್ತಾನೆ. ಮಳೆಯಾಗದ ವರ್ಷ ಫೋನು ಮಾಡುತ್ತಾನೆ.

ಇದನ್ನೆಲ್ಲಾ ಕೇಳಿ ಪಕ್ಕದ ಮನೆಯಾಕೆ ಬಹಳ ಹೊತ್ತು ಸುಮ್ಮನಿದ್ದಳು. “ಹಾಗಾದರೆ ಬೇಡ ಅಂತೀರಾ?” ಎಂದಳು. ಬೇಡ ಎನ್ನಲಿಲ್ಲ. ಪೇಟೆಯೊಳಗೆ, ನಲ್ಲಿ ಇರುವ ಬೀದಿಯಲ್ಲಿ, ಜನ ವಾಸವಿರುವ ಕಡೆ ಒಂದು ಸಣ್ಣ ಜಾಗ ಸಿಕ್ಕರೆ, ಕಾಗದ ಸರಿಯಿದ್ದರೆ ಯೋಚಿಸಬಹುದು ಎಂದೆ. ಬೇಗ ಎರಡರಷ್ಟಾಗುತ್ತದೆ ಎಂಬ ಆಸೆಯಿಂದ ಬೇಡ. ಜಾಲಿಯ ನಡುವಿನ ಬಿಳಿ ಕಲ್ಲು ಖಂಡಿತ ಬೇಡ.

ಏಪ್ರಿಲ್‌ನಲ್ಲಿ ನನ್ನ ಜೊತೆ ಬರುತ್ತೇನೆಂದಿದ್ದಾಳೆ. ಸೆಪ್ಟೆಂಬರಿನಲ್ಲಿ ಎಲ್ಲಾ ಊರೂ ಚೆಂದವೇ, ಏಪ್ರಿಲ್‌ನಲ್ಲೇ ನೋಡಬೇಕು ಎಂದು ನಾನೇ ಹಟ ಹಿಡಿದೆ. ಮೊದಲು ಖಾಲಾ ಮನೆ, ಆಮೇಲೆ ತಾಲೂಕು ಕಚೇರಿ, ಮರುದಿನ ಮೊಳಕಾಲ್ಮೂರಿಗೆ ಅಕ್ಕನ ಮನೆ. ಎರಡು ಖಾಲಿ ಬಾಟಲಿ ತೊಳೆದಿಟ್ಟುಕೋ ಎಂದಿದ್ದೇನೆ. ಸೈಟಿನ ಪಕ್ಕದ ಕೊಳವೆಬಾವಿಯ ನೀರು ತುಂಬಿ ತಂದು ಪರೀಕ್ಷೆಗೆ ಕೊಡಬೇಕಲ್ಲ.